ಪ್ರೀತಿ ಒಂದು ಕಡೆ, ಪಾಳೆಯ ಇನ್ನೊಂದು ಕಡೆ: ಕೆಂಟಕಿ 1861–65, ನಾಟಕಕ್ಕೆ ವಿವರ ಬೇಕು

ತೆರೆಮರೆ

ಅಮೆರಿಕದ ಅಂತರ್ಯುದ್ಧದ ಹಿನ್ನೆಲೆಯಲ್ಲಿ ಎರಡು ಗಂಟೆಯ ನಾಟಕ ಕಟ್ಟುತ್ತಿದ್ದೇವೆ. ಊರು ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್. ನಾಯಕಿಯ ಅಣ್ಣ ಉತ್ತರದ ಯೂನಿಯನ್ ಸೈನ್ಯದಲ್ಲಿ, ಅವಳಿಗೆ ನಿಶ್ಚಯವಾದ ಹುಡುಗ ದಕ್ಷಿಣದ ಕಾನ್ಫೆಡರೇಟ್ ಸೈನ್ಯದಲ್ಲಿ. ಈಗಿರುವ ದೃಶ್ಯಗಳ ಸರಣಿ ಹೀಗಿದೆ:

1861ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದ ವಾರವೇ ಹುಡುಗ ಹೊರಟು ದಕ್ಷಿಣದ ಪರವಾಗಿ ಕಾದಾಡಿದ ಕೆಂಟಕಿಯವರ ದಳವಾದ ಆರ್ಫನ್ ಬ್ರಿಗೇಡ್ ಸೇರುತ್ತಾನೆ. 1862ರ ಸೆಪ್ಟೆಂಬರ್‌ನಲ್ಲಿ ದಕ್ಷಿಣದವರು ಲೆಕ್ಸಿಂಗ್ಟನ್ ಹಿಡಿದಾಗ ಒಂದು ರಾತ್ರಿ ಅವಳ ಮನೆಗೆ ಬರುತ್ತಾನೆ. ನಡುವೆ ಉದ್ದುದ್ದದ ಪ್ರೇಮಪತ್ರಗಳು. 1863ರಲ್ಲಿ ಅವನು ಸೆರೆ ಸಿಕ್ಕಮೇಲೆ ಪತ್ರಗಳು ನಿಂತುಹೋಗುತ್ತವೆ. 1865ರಲ್ಲಿ ಮದುವೆ.

ಭಾವನೆಯ ಪಾಲು ನಮಗಿರಲಿ. ಕಾಗದ, ಪಾಸು, ಪ್ರಮಾಣವಚನ, ತಾರೀಕು ಇವುಗಳಲ್ಲಿ ಎಲ್ಲಿ ಎಡವಿದ್ದೇವೆ ಹೇಳಿ.

ಒಂಟಿಸೇತುವೆ

ಮೊದಲು ತಾರೀಕು. 1861ರ ಏಪ್ರಿಲ್‌ನಲ್ಲಿ ಕೆಂಟಕಿಯಿಂದ ಯಾರೂ ಹೋಗಲೇ ಇಲ್ಲ ಅಂತಲ್ಲ, ಹೋದವರಿದ್ದಾರೆ. ಆದರೆ ರಾಜ್ಯ ಮೇ ತಿಂಗಳಲ್ಲಿ ತಟಸ್ಥ ಎಂದು ಘೋಷಿಸಿಕೊಂಡಿತು. ಸೆಪ್ಟೆಂಬರ್ ಆರಂಭದಲ್ಲಿ ಕಾನ್ಫೆಡರೇಟ್ ಜನರಲ್ ಪೋಕ್ ಕೆಂಟಕಿಯ ಕೊಲಂಬಸ್ ಊರನ್ನು ಹಿಡಿದ, ಮೂರೇ ದಿನದಲ್ಲಿ ಯೂನಿಯನ್ ಜನರಲ್ ಗ್ರಾಂಟ್ ಅದೇ ರಾಜ್ಯದ ಪಡೂಕಾಗೆ ಬಂದ, ತಟಸ್ಥತೆ ಅಲ್ಲಿಗೆ ಮುಗಿಯಿತು. ಈ ನಡುವಿನ ಬೇಸಿಗೆ ನಿಮ್ಮ ನಾಟಕಕ್ಕೆ ಬಂಗಾರದಂಥದ್ದು. ಒಂದೇ ಊರಲ್ಲಿ ಎರಡು ಪಡೆ ಕವಾಯತು ಮಾಡುತ್ತಿದ್ದವು: ದಕ್ಷಿಣದ ಕಡೆ ವಾಲಿದ ಸ್ಟೇಟ್ ಗಾರ್ಡ್, ಯೂನಿಯನ್ ಪರವಾದ ಹೋಂ ಗಾರ್ಡ್. ಅಣ್ಣ ಒಂದರಲ್ಲಿ, ಹುಡುಗ ಇನ್ನೊಂದರಲ್ಲಿ, ಸಂಜೆಗೆ ಇಬ್ಬರೂ ಒಂದೇ ಮೇಜಿನಲ್ಲಿ ಊಟಕ್ಕೆ. ಬರೀ ಏಪ್ರಿಲ್ ಇಟ್ಟುಕೊಂಡರೆ ಇದು ಕೈತಪ್ಪುತ್ತದೆ.

ಎರಡನೆಯದು ದೊಡ್ಡ ತಪ್ಪು. ಆರ್ಫನ್ ಬ್ರಿಗೇಡ್ 1862ರ ಶರತ್ಕಾಲದಲ್ಲಿ ಕೆಂಟಕಿಗೆ ಬರಲೇ ಇಲ್ಲ. ಅವರು ವಿಕ್ಸ್‌ಬರ್ಗ್, ಬ್ಯಾಟನ್ ರೂಜ್ ಕಡೆ ಇದ್ದರು. ಜನರಲ್ ಬ್ರೆಕಿನ್‌ರಿಜ್ ಈ ದಳವನ್ನು ಕರೆದುಕೊಂಡು ಹೊರಟು ಟೆನೆಸಿಯ ನಾಕ್ಸ್‌ವಿಲ್ ಕಡೆ ತಲುಪುವ ಹೊತ್ತಿಗೆ ಪೆರಿವಿಲ್ ಕದನ (ಅಕ್ಟೋಬರ್ 8) ಮುಗಿದು ದಕ್ಷಿಣದ ಸೈನ್ಯ ಹಿಮ್ಮೆಟ್ಟುತ್ತಿತ್ತು. ಅಲ್ಲಿಂದ ಮರ್ಫ್ರೀಸ್‌ಬರೋಗೆ ತಿರುಗಿಸಿದರು.

ನಿಮ್ಮ ಹುಡುಗನನ್ನು ಜಾನ್ ಹಂಟ್ ಮಾರ್ಗನ್‌ನ ಕುದುರೆಪಡೆಗೆ, ಅಂದರೆ 2ನೇ ಕೆಂಟಕಿ ಕ್ಯಾವಲ್ರಿಗೆ ಹಾಕಿ. ಮಾರ್ಗನ್ ಲೆಕ್ಸಿಂಗ್ಟನ್‌ನವನೇ. 1861ರ ಸೆಪ್ಟೆಂಬರ್‌ನಲ್ಲಿ ತನ್ನ ಲೆಕ್ಸಿಂಗ್ಟನ್ ರೈಫಲ್ಸ್ ಪಡೆಯ ಬಂದೂಕುಗಳನ್ನು ಹುಲ್ಲಿನ ಗಾಡಿಗಳಲ್ಲಿ ಬಚ್ಚಿಟ್ಟು ಊರು ಬಿಟ್ಟ. 1862ರ ಸೆಪ್ಟೆಂಬರ್‌ನಲ್ಲಿ ಊರಿಗೆ ಮರಳಿದ. ಅಕ್ಟೋಬರ್ 18ರಂದು ಮತ್ತೆ ನುಗ್ಗಿ ಆಶ್‌ಲ್ಯಾಂಡ್ ತೋಟದಲ್ಲಿ ಯೂನಿಯನ್ ಕುದುರೆಪಡೆಯ ಮೇಲೆ ಬಿದ್ದ. 1864ರ ಜೂನ್‌ನಲ್ಲೂ ಬಂದ, ಆದರೆ ಆಗ ನಿಮ್ಮ ಹುಡುಗ ಸೆರೆಯಲ್ಲಿರುತ್ತಾನೆ. ಹುಡುಗ ಮನೆಗೆ ಬರಲು ಎಷ್ಟು ಸಂದರ್ಭ ಬೇಕೋ ಅಷ್ಟಿವೆ.

ಅಣ್ಣನನ್ನು ಫ್ರಾಂಕ್ ವುಲ್ಫರ್ಡ್‌ನ 1ನೇ ಕೆಂಟಕಿ ಕ್ಯಾವಲ್ರಿಗೆ ಹಾಕಿ, ಇದು ಯೂನಿಯನ್ ಪಡೆ. 1863ರ ಜುಲೈನಲ್ಲಿ ಮಾರ್ಗನ್ ಓಹಾಯೋ ನದಿ ದಾಟಿ ಇಂಡಿಯಾನಾ, ಓಹಾಯೋಗಳಲ್ಲಿ ದಾಳಿ ಮಾಡುತ್ತಾ ಹೋದಾಗ ಬೆನ್ನಟ್ಟಿದವರಲ್ಲಿ ವುಲ್ಫರ್ಡ್‌ನವರೂ ಇದ್ದರು. ಜುಲೈ 19ರಂದು ಬಫಿಂಗ್ಟನ್ ದ್ವೀಪದ ಬಳಿ ನೂರಾರು ಜನ ಸೆರೆಯಾದರು. ಭಾವನಾಗಬೇಕಾದವನನ್ನು ಅಣ್ಣನೇ ಹಿಡಿಯುವ ದೃಶ್ಯಕ್ಕೆ ಇತಿಹಾಸ ಅಡ್ಡ ಬರುವುದಿಲ್ಲ.

ಅಂಚೆಯಣ್ಣ

"ಉದ್ದುದ್ದದ ಪ್ರೇಮಪತ್ರ" ಎಂಬಲ್ಲೇ ನಾಟಕ ಬಿದ್ದುಹೋಗುತ್ತೆ ಮೇಡಂ. ಎರಡು ಕಡೆಯ ನಡುವಿನ ಯುದ್ಧದ ಗೆರೆ ದಾಟುವ ಪತ್ರಕ್ಕೆ ಒಂದೇ ಪುಟ.

ಉತ್ತರ ದಕ್ಷಿಣದ ನಡುವೆ ಮಾಮೂಲಿ ಅಂಚೆ 1861ರ ಮೇ 31ಕ್ಕೆ ನಿಂತಿತು. ಜೂನ್ 1ರಿಂದ ದಕ್ಷಿಣದವರದ್ದೇ ಬೇರೆ ಅಂಚೆ ಇಲಾಖೆ. ಆಗಸ್ಟ್ ಕೊನೆಯವರೆಗೆ ಆಡಮ್ಸ್ ಎಕ್ಸ್‌ಪ್ರೆಸ್‌ನಂಥ ಖಾಸಗಿ ಕಂಪನಿಗಳು ಲೂಯಿವಿಲ್–ನ್ಯಾಶ್‌ವಿಲ್ ಮಾರ್ಗದಲ್ಲಿ ಸಾಗಿಸಿದವು, ಆಮೇಲೆ ಅದೂ ಬಂದ್. ನಿಮ್ಮ ಹುಡುಗ ಹೊರಡುವುದು ಸೆಪ್ಟೆಂಬರ್‌ನಲ್ಲಾದ್ದರಿಂದ ಇದನ್ನು ಬಿಟ್ಟುಬಿಡಿ.

ಉಳಿದದ್ದು ಬಿಳಿ ಬಾವುಟದ ಅಂಚೆ, ಅಂದರೆ ಎರಡು ಕಡೆಯವರೂ ಬಿಳಿ ಬಾವುಟದಡಿ ಕೈಬದಲಿಸುತ್ತಿದ್ದ ಪತ್ರಗಳು. ಅದರ ಕ್ರಮ ಹೀಗೆ:

ಒಂದು ಪುಟದಲ್ಲಿ ಪತ್ರ. ಮನೆಯ ವಿಷಯ ಮಾತ್ರ. ಸೈನ್ಯ, ರಾಜಕೀಯ ಯಾವುದೂ ಇರಕೂಡದು. ಕೊನೆಗೆ ಬರೆದವರ ಪೂರ್ತಿ ಹೆಸರು. "ನಿನ್ನವಳೇ ಆದ ಎಂ." ಅಂತ ಬರೆದರೆ ಅಲ್ಲೇ ಬಿತ್ತು. ಅದನ್ನು ಒಂದು ಲಕೋಟೆಯಲ್ಲಿಟ್ಟು ಅಂಟಿಸದೆ ಬಿಡಬೇಕು, ಮೇಲೆ ದಕ್ಷಿಣದ ವಿಳಾಸ. ಈ ಲಕೋಟೆಯನ್ನು ಇನ್ನೊಂದು ಲಕೋಟೆಯಲ್ಲಿಟ್ಟು, ಹೊರಗಡೆ ವರ್ಜೀನಿಯಾದಲ್ಲಿ ಯೂನಿಯನ್ ಕೈಯಲ್ಲಿದ್ದ ಕೋಟೆ ಫೋರ್ಟ್ ಮನ್ರೋದ ಕಮಾಂಡರ್‌ನ ವಿಳಾಸ ಬರೆದು 3 ಸೆಂಟಿನ ಅಂಚೆಚೀಟಿ ಹಚ್ಚಬೇಕು. ಫೋರ್ಟ್ ಮನ್ರೋದಲ್ಲಿ ಹೊರಲಕೋಟೆ ಹರಿದು ಬಿಸಾಡುತ್ತಾರೆ, ಪತ್ರ ಓದುತ್ತಾರೆ, ಪಾಸಾದರೆ ಪರಿಶೀಲಿಸಿದ ಗುರುತು ಹಾಕಿ ದೋಣಿಗೇರಿಸುತ್ತಾರೆ. 1862ರ ಮೇವರೆಗೆ ನಾರ್ಫೋಕ್ ಮೂಲಕ, ಆಮೇಲೆ ಹೆಚ್ಚಾಗಿ ಜೇಮ್ಸ್ ನದಿಯ ಸಿಟಿ ಪಾಯಿಂಟ್‌ನಲ್ಲಿ, ಯುದ್ಧಕೈದಿಗಳ ವಿನಿಮಯದ ಜೊತೆಗೇ ಈ ಚೀಲಗಳೂ ಕೈಬದಲಾಗುತ್ತಿದ್ದವು. ಅಲ್ಲಿಂದ ದಕ್ಷಿಣದ ರಾಜಧಾನಿ ರಿಚ್ಮಂಡ್, ಮುಂದೆ ದಕ್ಷಿಣದ ಅಂಚೆ.

ತೊಡಕು ಎಲ್ಲಿ ಅಂದರೆ ದಕ್ಷಿಣದ ಅಂಚೆವೆಚ್ಚ. 1862ರ ಜುಲೈಯಿಂದ ಅರ್ಧ ಔನ್ಸಿಗೆ 10 ಸೆಂಟು. ಅದಕ್ಕೂ ಮುಂಚೆ 500 ಮೈಲಿಯೊಳಗೆ 5, ಮೀರಿದರೆ 10. ಲೆಕ್ಸಿಂಗ್ಟನ್‌ನಲ್ಲಿ ಕಾನ್ಫೆಡರೇಟ್ ಚೀಟಿ ಎಲ್ಲಿ ಸಿಗಬೇಕು? ಹಾಗಾಗಿ ಒಳಲಕೋಟೆಯಲ್ಲಿ ನಾಣ್ಯ ಇಡುತ್ತಿದ್ದರು. ಆದರೆ 1862ರ ಬೇಸಿಗೆಯಿಂದ ಉತ್ತರದಲ್ಲಿ ಬೆಳ್ಳಿ ಚಿಲ್ಲರೆಯನ್ನು ಜನ ಕೂಡಿಟ್ಟುಕೊಂಡು ಪೇಟೆಯಿಂದಲೇ ಮಾಯ ಮಾಡಿದ್ದರು. ಹತ್ತು ಸೆಂಟಿನ ಒಂದು ನಾಣ್ಯ ಹುಡುಕುವುದೇ ನಿಮ್ಮ ನಾಯಕಿಗೆ ಒಂದು ದೃಶ್ಯದ ಕೆಲಸ.

ದಕ್ಷಿಣದಿಂದ ಬರುವ ಪತ್ರದ ಮೇಲೆ ಯೂನಿಯನ್ ಕಡೆಯ ಮೊದಲ ಮುದ್ರೆ ಓಲ್ಡ್ ಪಾಯಿಂಟ್ ಕಂಫರ್ಟ್‌ನದ್ದು, ಅಂದರೆ ಫೋರ್ಟ್ ಮನ್ರೋದ ಅಂಚೆ ಕಚೇರಿಯದ್ದು. ಉತ್ತರದ ಚೀಟಿ ಇಲ್ಲದಿದ್ದರೆ "ಬಾಕಿ 3" ಎಂಬ ಗುರುತು ಬೀಳುತ್ತೆ, ಪಡೆಯುವವರು ಕೊಟ್ಟು ಬಿಡಿಸಿಕೊಳ್ಳಬೇಕು. ಲೆಕ್ಸಿಂಗ್ಟನ್ ಅಂಚೆ ಕಚೇರಿಯಲ್ಲಿ ಎಲ್ಲರೆದುರು ಆ ಮುದ್ರೆಯ ಲಕೋಟೆಯನ್ನು ದುಡ್ಡು ಕೊಟ್ಟು ಬಿಡಿಸಿಕೊಂಡಳು ಅಂದರೆ ಊರಿಗೆಲ್ಲ ಸುದ್ದಿ. ರಂಗದ ಮೇಲೆ ಇದು ಚೆನ್ನಾಗಿ ಕೂರುತ್ತೆ.

ಮಸಿಕುಡಿಕೆ

ಕಾಗದದ ಬಗ್ಗೆ ಎರಡು ಮಾತು. ಹಳೆಯ ಪತ್ರ ತೋರಿಸಬೇಕೆಂದು ಎಲ್ಲ ತಂಡದವರೂ ಚಹಾದಲ್ಲಿ ಅದ್ದಿದ ಹಾಳೆ, ಕಂದು ಮಸಿ ಬಳಸುತ್ತಾರೆ. ಅದು ಇವತ್ತು ವಸ್ತುಸಂಗ್ರಹಾಲಯದಲ್ಲಿ ಕಾಣುವ ಪತ್ರ. 1862ರಲ್ಲಿ ಆ ಪತ್ರ ಹೊಸದು. ಆಗಿನ ಮಸಿ ಮಾಯಿಕಾಯಿಯ ಒಗರು ರಸಕ್ಕೆ ಕಬ್ಬಿಣದ ಲವಣ ಬೆರೆಸಿ ಮಾಡಿದ್ದು. ಬರೆಯುವಾಗ ತೆಳುವಾಗಿ ಕಂಡು, ಗಾಳಿ ತಾಗಿದಮೇಲೆ ಕಪ್ಪಾಗುತ್ತದೆ. ಕಂದಾಗುವುದು ದಶಕಗಳ ನಂತರ. ಹಾಗಾಗಿ ನಾಯಕಿಯ ಪತ್ರ ಬಿಳಿ ಅಥವಾ ತಿಳಿನೀಲಿ ಹಾಳೆ, ಕಪ್ಪು ಅಕ್ಷರ, ಉಕ್ಕಿನ ನಿಬ್ಬು.

ಹುಡುಗನ ಪತ್ರ ಬೇರೆ. ನೌಕಾ ದಿಗ್ಬಂಧನದಿಂದ ದಕ್ಷಿಣದಲ್ಲಿ ಕಾಗದಕ್ಕೆ ಬರ. ಗೋಡೆಕಾಗದದ ಹಿಂಬದಿ, ಲೆಕ್ಕದ ಪುಸ್ತಕದ ಹಾಳೆ, ಹಳೆಯ ಫಾರಂಗಳಿಂದ ಲಕೋಟೆ ಮಡಿಸುತ್ತಿದ್ದರು. ಬಂದ ಲಕೋಟೆಯನ್ನೇ ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ, ಮರಳಿ ಅಂಟಿಸಿ ಕಳಿಸುವುದು ಸಾಮಾನ್ಯ. ಅಂದರೆ ಅವಳು ಕಳಿಸಿದ ಲಕೋಟೆಯೇ ತಿರುಗಿ ಅವಳ ಕೈಗೆ ಬರಬಹುದು, ಅವಳ ಕೈಬರಹ ಒಳಗಡೆ. ಮಸಿಯೂ ಕಾಡುಹಣ್ಣಿನ ರಸದ್ದು, ಬೇಗ ಮಾಸುವಂಥದ್ದು.

ಒಂದೇ ಪುಟದಲ್ಲಿ ಹೆಚ್ಚು ತುಂಬಲು ಹಾಳೆಯನ್ನು ಕಾಲು ಸುತ್ತು ತಿರುಗಿಸಿ, ಬರೆದ ಸಾಲುಗಳ ಮೇಲೇ ಅಡ್ಡಲಾಗಿ ಬರೆಯುವ ರೂಢಿ ಆ ಕಾಲದಲ್ಲಿತ್ತು. ಪ್ರೇಮಿಗಳಿಗೆ ಅನುಕೂಲ, ಪರಿಶೀಲಿಸುವ ಗುಮಾಸ್ತನಿಗೆ ತಲೆನೋವು. ದಿನಕ್ಕೆ ಚೀಲಗಟ್ಟಲೆ ಓದುವವನು ಅಂಥ ಪತ್ರವನ್ನು ಪಕ್ಕಕ್ಕೆ ತಳ್ಳಿದರೆ ಆಶ್ಚರ್ಯವಿಲ್ಲ.

ತೆರೆಮರೆ

ಇಷ್ಟು ಒಳ್ಳೆಯ ಸರಕು ಬರುತ್ತದೆ ಎಂದುಕೊಂಡಿರಲಿಲ್ಲ. ಹಾಗಾದರೆ ಮನಸ್ಸಿನ ಮಾತು ಬರೆಯಲು ಕಳ್ಳದಾರಿಯೇ ಗತಿಯೇ? ಕದ್ದು ಸಾಗಿಸುವವರು ನಿಜಕ್ಕೂ ಇದ್ದರೇ, ಅಥವಾ ಅದು ಕಾದಂಬರಿಯವರ ಕಲ್ಪನೆಯೇ?

ಅಂಚೆಯಣ್ಣ

ಇದ್ದರು. ಹೆಸರಾಂತನೆಂದರೆ ಮಿಸೌರಿಯ ಅಬ್ಸಲಂ ಗ್ರೈಮ್ಸ್. ಮಿಸಿಸಿಪ್ಪಿ ನದಿಯ ಹಬೆದೋಣಿ ಪೈಲಟ್. ಯುದ್ಧದ ಮೊದಲ ವಾರಗಳಲ್ಲಿ ಮಾರ್ಕ್ ಟ್ವೇನ್ ಇದ್ದ ಪುಟ್ಟ ತುಕಡಿಯಲ್ಲೇ ಇದ್ದವನು. ಸೇಂಟ್ ಲೂಯಿಸ್‌ನ ಹೆಂಗಸರು ಮನೆಮನೆಯಿಂದ ಪತ್ರ ಕೂಡಿಸುವುದು, ಇವನು ಅದನ್ನು ಗೆರೆ ದಾಟಿಸಿ ಮಿಸೌರಿ ಸೈನಿಕರಿಗೆ ಮುಟ್ಟಿಸಿ ಉತ್ತರ ತರುವುದು. ಪತ್ರಗಳು ಹೋಗುತ್ತಿದ್ದದ್ದು ಬಳೆಯಾಕಾರದ ಚೌಕಟ್ಟಿನ ಅಗಲ ಲಂಗಗಳ ಒಳಗೆ ಹೊಲಿದುಕೊಂಡು. ಗಂಡಸು ಕಾವಲುಗಾರರು ಅಲ್ಲಿ ತಡಕಲು ಹಿಂಜರಿಯುತ್ತಿದ್ದರು, ಅದೇ ಅವರ ಧೈರ್ಯ.

ಸಿಕ್ಕಿಬಿದ್ದರೆ ಏನು ಎಂಬುದಕ್ಕೂ ದಾಖಲೆ ಇದೆ. ಪತ್ರ ಸಂಗ್ರಹದ ಮನೆ ನಡೆಸುತ್ತಿದ್ದ ಮಾರ್ಗರೆಟ್ ಮೆಕ್ಲೂರ್ ಮತ್ತಿತರ ಹೆಂಗಸರನ್ನು 1863ರ ಮೇನಲ್ಲಿ ದೋಣಿಗೇರಿಸಿ ದಕ್ಷಿಣಕ್ಕೆ ಗಡೀಪಾರು ಮಾಡಿದರು. ಗ್ರೈಮ್ಸ್‌ಗೆ ಗಲ್ಲುಶಿಕ್ಷೆಯ ತೀರ್ಪಾಯಿತು, ಜಾರಿಗೆ ಬರಲಿಲ್ಲ, ಕಡೆಗೆ ಅಧ್ಯಕ್ಷ ಲಿಂಕನ್ ಕ್ಷಮಾದಾನ ಕೊಟ್ಟರು. 1865ರಲ್ಲಿ ತನ್ನ ಹುಡುಗಿಯನ್ನೇ ಮದುವೆಯಾದ.

ಕದ್ದು ಸಾಗಿಸುವುದರ ಅಪಾಯ ಹೊತ್ತೊಯ್ಯುವವನಿಗಷ್ಟೇ ಅಲ್ಲ. ಚೀಲ ಸಿಕ್ಕರೆ ಅದರೊಳಗಿನ ಪ್ರತಿ ಪತ್ರವೂ ಬರೆದವರ ವಿರುದ್ಧ ಸಾಕ್ಷಿ. ಆದ್ದರಿಂದ ಬಿಳಿ ಬಾವುಟದಲ್ಲಿ ಪೂರ್ತಿ ಹೆಸರು ಕಡ್ಡಾಯ, ಕಳ್ಳದಾರಿಯಲ್ಲಿ ಹೆಸರೇ ಇರಬಾರದು. ಎರಡು ಬಗೆಯ ಪತ್ರವನ್ನೂ ಅವಳ ಬಾಯಲ್ಲಿ ಓದಿಸಿದರೆ ವ್ಯತ್ಯಾಸ ತಾನಾಗಿ ಕಾಣುತ್ತೆ.

ಮೂರನೇ ದಾರಿಯೂ ಒಂದಿತ್ತು: ನ್ಯೂಯಾರ್ಕ್ ಡೈಲಿ ನ್ಯೂಸ್ ಪತ್ರಿಕೆಯ ಖಾಸಗಿ ಜಾಹೀರಾತು. "ಎಲ್ಲರೂ ಕ್ಷೇಮ, ರಿಚ್ಮಂಡ್ ಪತ್ರಿಕೆಗಳು ದಯವಿಟ್ಟು ಮರುಮುದ್ರಿಸಲಿ" ಎಂಬ ಧಾಟಿಯದ್ದು. ರಿಚ್ಮಂಡ್ ಪತ್ರಿಕೆ ಅದನ್ನು ಹಾಕುತ್ತಿತ್ತು, ಉತ್ತರ ಅಲ್ಲಿಂದ ಹೀಗೇ ಬರುತ್ತಿತ್ತು. ಸರ್ಕಾರ ಆಮೇಲೆ ಅದನ್ನೂ ನಿಲ್ಲಿಸಿತು.

ಕಾಯಿದೆಕಟ್ಟು

ನಾಟಕದ ಮುಖ್ಯ ಜಾಗ ರಣರಂಗವೂ ಅಲ್ಲ, ಹಜಾರವೂ ಅಲ್ಲ, ಪ್ರೊವೋಸ್ಟ್ ಮಾರ್ಷಲ್‌ನ ಮೇಜು. ಸೈನ್ಯದ ಪೊಲೀಸ್ ಅಧಿಕಾರಿ ಅವನು. ಊರು ಬಿಡಬೇಕಾದರೆ ಅವನ ಪಾಸು, ಸೆರೆಯಾದವರ ವಿಚಾರಣೆ ಅವನಲ್ಲಿ, ನಿಷ್ಠೆಯ ಪ್ರಮಾಣ ಮಾಡಿಸುವುದು ಅವನು. ಈ ಯುದ್ಧದಲ್ಲಿ "ನೀನು ಯಾರ ಕಡೆ" ಎಂಬ ಪ್ರಶ್ನೆಯನ್ನು ಮನಸ್ಸಿಗೆ ಕೇಳಿದ್ದಕ್ಕಿಂತ ಕಾಗದಕ್ಕೆ ಕೇಳಿದ್ದೇ ಹೆಚ್ಚು.

ಯೂನಿಯನ್ ಪಾಸಿನ ಮುಂಭಾಗದಲ್ಲಿ ಹೆಸರು, ಎಲ್ಲಿಂದ ಎಲ್ಲಿಗೆ, ಎಷ್ಟು ದಿನ. ಹಿಂಭಾಗದಲ್ಲಿ ಅಚ್ಚಾದ ಷರತ್ತು: ಪಾಸು ಪಡೆದವನು ತಾನು ಯಾವತ್ತೂ ಸಂಯುಕ್ತ ಸಂಸ್ಥಾನಕ್ಕೆ ನಿಷ್ಠನೆಂದು ಮಾತು ಕೊಟ್ಟಂತೆ, ಮುಂದೆ ಶತ್ರುವಿಗೆ ಯಾವ ಬಗೆಯ ನೆರವು ಕೊಟ್ಟದ್ದು ಕಂಡುಬಂದರೂ ಮರಣದಂಡನೆ. ಅದರ ಕೆಳಗೆ ಸಹಿ. ನಿಮ್ಮ ನಾಯಕಿ ಲೂಯಿವಿಲ್‌ಗೆ ಹೋಗಲು ಪಾಸು ತೆಗೆದುಕೊಂಡು, ಲಂಗದಲ್ಲಿ ಅವನಿಗೊಂದು ಪತ್ರ ಇಟ್ಟುಕೊಂಡರೆ, ಸಹಿ ಹಾಕಿದ್ದು ತನ್ನ ತಲೆಗೇ.

ಹುಡುಗನ ಕಡೆ: ಕಾನ್ಫೆಡರೇಟ್ ಸೈನ್ಯ ಸೇರಿದವರ ಕೆಂಟಕಿ ಪೌರತ್ವವನ್ನೇ ರದ್ದು ಮಾಡುವ ಕಾಯಿದೆಯನ್ನು ರಾಜ್ಯದ ಶಾಸನಸಭೆ 1862ರ ಮಾರ್ಚ್‌ನಲ್ಲಿ ಮಾಡಿತು. ಆ ಸೆಪ್ಟೆಂಬರ್‌ನ ರಾತ್ರಿ ಅವನು ಮನೆಗೆ ಬರುವಾಗ ಸ್ವಂತ ಊರಿನಲ್ಲಿ ಪರದೇಶಿ.

ನಿಷ್ಠೆಯ ಪ್ರಮಾಣ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದಕ್ಕೆ ನಿಮ್ಮ ಲೆಕ್ಸಿಂಗ್ಟನ್‌ನದೇ ಉದಾಹರಣೆ ಎಮಿಲಿ ಟಾಡ್ ಹೆಲ್ಮ್. ಲಿಂಕನ್ ಅವರ ಹೆಂಡತಿ ಮೇರಿಯ ಮಲತಂಗಿ. ಗಂಡ ಬೆಂಜಮಿನ್ ಹಾರ್ಡಿನ್ ಹೆಲ್ಮ್‌ಗೆ 1861ರಲ್ಲಿ ಲಿಂಕನ್ ಯೂನಿಯನ್ ಸೈನ್ಯದಲ್ಲಿ ಬಟವಾಡೆ ಅಧಿಕಾರಿಯ ಹುದ್ದೆಯನ್ನು ಮೇಜರ್ ದರ್ಜೆಯೊಂದಿಗೆ ಕೊಡಲು ಮುಂದಾದರು. ಅವನು ಒಲ್ಲೆನೆಂದು ದಕ್ಷಿಣಕ್ಕೆ ಹೋದ. ಆರ್ಫನ್ ಬ್ರಿಗೇಡ್ ನಡೆಸುತ್ತಾ ಚಿಕಮಾಗ ಕದನದಲ್ಲಿ 1863ರ ಸೆಪ್ಟೆಂಬರ್ 20ರಂದು ಗುಂಡು ತಗುಲಿ ಮರುದಿನ ಸತ್ತ. ವಿಧವೆ ಮಗಳೊಂದಿಗೆ ಕೆಂಟಕಿಗೆ ಮರಳಲು ಫೋರ್ಟ್ ಮನ್ರೋಗೆ ಬಂದಾಗ ಪ್ರಮಾಣ ಮಾಡು ಎಂದರು, ಆಕೆ ಒಪ್ಪಲಿಲ್ಲ. ತನ್ನಲ್ಲಿಗೆ ಕಳಿಸಿ ಎಂದು ಲಿಂಕನ್ ತಂತಿ ಕೊಟ್ಟರು. ಡಿಸೆಂಬರ್‌ನಲ್ಲಿ ಶತ್ರು ಜನರಲ್‌ನ ಹೆಂಡತಿ ಶ್ವೇತಭವನದಲ್ಲಿ ಅತಿಥಿ. ಮೇರಿಯ ಮಲಸೋದರರಲ್ಲಿ ಸ್ಯಾಮ್ಯುಯೆಲ್ ಶೈಲೋ ಕದನದಲ್ಲಿ, ಅಲೆಕ್ಸಾಂಡರ್ ಬ್ಯಾಟನ್ ರೂಜ್‌ನಲ್ಲಿ, ಇಬ್ಬರೂ ದಕ್ಷಿಣದ ಕಡೆ 1862ರಲ್ಲೇ ಸತ್ತಿದ್ದರು. ಆ ತಮ್ಮಂದಿರಿಗಾಗಿ ಮೇರಿ ಬಹಿರಂಗವಾಗಿ ಅಳುವ ಹಾಗೂ ಇರಲಿಲ್ಲ.

ನಾಟಕಕ್ಕೆ ಬೇಕಾದ್ದು ಮುಂದಿನ ಭಾಗ. ಹೊರಡುವಾಗ ಲಿಂಕನ್ ಒಂದು ರಕ್ಷಣಾ ಪತ್ರ ಬರೆದುಕೊಟ್ಟರು. 1864ರ ಆಗಸ್ಟ್‌ನಲ್ಲಿ ಕೆಂಟಕಿಯ ಜನರಲ್ ಬರ್ಬ್ರಿಜ್ ಆಕೆಯನ್ನು ಬಂಧಿಸಲು ಹೋದಾಗ ಆಕೆ ಆ ಪತ್ರ ತೋರಿಸಿ ತಪ್ಪಿಸಿಕೊಂಡಳೆಂಬ ಸುದ್ದಿ ಲಿಂಕನ್ ಕಿವಿಗೆ ಬಿತ್ತು. ಕೂಡಲೇ ಬರ್ಬ್ರಿಜ್‌ಗೆ ಬರೆದರು: ಆ ಕಾಗದ ಹೆಲ್ಮ್‌ನ ವಿಧವೆ ಎಂಬ ಕಾರಣಕ್ಕೆ ತೊಂದರೆಯಾಗದಿರಲೆಂದು ಕೊಟ್ಟದ್ದಷ್ಟೇ, ಆಮೇಲೆ ಆಡಿದ ಮಾತು, ಮಾಡಿದ ಕೃತ್ಯಕ್ಕೆ ಅದು ರಕ್ಷಣೆಯಲ್ಲ, ಬೇರೆಯವರನ್ನು ನಡೆಸಿಕೊಂಡಂತೆಯೇ ನಡೆಸಿಕೊಳ್ಳಿ. ಬಂಧುತ್ವಕ್ಕೆ ಎಲ್ಲಿವರೆಗೆ ಬೆಲೆ, ಎಲ್ಲಿಂದ ಇಲ್ಲ ಎಂಬ ಗೆರೆ ಇಷ್ಟು ಚೊಕ್ಕವಾಗಿ ಎಳೆದ ಕಾಗದ ಅಪರೂಪ.

ಹುಬ್ಬಳ್ಳಿಯಾಂವ

ಲಿಂಕನ್ ಅಲ್ಲೇ ನಿಂದರಲಿಲ್ರೀ. ಆಕಿ ತನ್ನ ಹತ್ತಿ ಮಾರ್ಕೊಳ್ಳಾಕ ಪರವಾನಗಿ ಕೇಳಿದ್ಲು, ಪ್ರಮಾಣ ಮಾಡಲಿಲ್ಲಂತ ಅದನ್ನೂ ಕೊಡಲಿಲ್ಲ. ಗಂಡ ಸತ್ತಾನ, ಮಕ್ಕಳು ಸಣ್ಣವು, ಮಾರಾಕ ಇದ್ದದ್ದು ಅದೊಂದ. ನಾದಿನಿ ಅಂತನ್ನೂ ಕರುಣಾ ತೋರಿಸಬಹುದಿತ್ತು.

ಹತ್ತಿ ಅಂದ್ರ ಆಗ ಎಂಥಾದ್ದು ಅನ್ನೂದು ನಾಟಕದವರು ತಿಳ್ಕೋಬೇಕು. ಯುದ್ಧಕ್ಕ ಮುಂಚೆ ನ್ಯೂಯಾರ್ಕಿನ್ಯಾಗ ಪೌಂಡಿಗೆ ಹತ್ತು ಸೆಂಟಿನ ಆಸುಪಾಸು, 1864ರಾಗ ಡಾಲರ್ ದಾಟಿತ್ತು. ಆ ಬಿಸಿ ನಮ್ಮ ಕಡೇನೂ ಮುಟ್ಟೇತಿ. ಅಮೆರಿಕದ ಹತ್ತಿ ನಿಂತಮ್ಯಾಲ ಲ್ಯಾಂಕಶೈರ್ ಗಿರಣಿಯವ್ರು ಮುಂಬೈ ಕಡೆ ಮಾರಿ ತಿರುವಿದ್ರು. ಧಾರವಾಡ ಸೀಮಿ ಒಳಗ 1840ರ ದಶಕದಿಂದ ನ್ಯೂ ಆರ್ಲೀನ್ಸ್ ಬೀಜದ ಹತ್ತಿ ಬೆಳೀತಿದ್ರು, ಅದಕ್ಕ "ಧಾರವಾಡ–ಅಮೆರಿಕನ್" ಅಂತ ಪ್ಯಾಟಿ ಹೆಸರು. ರೇಟು ಏರಿದ ಕೂಡಲೇ ಕಲಬೆರಕಿನೂ ಏರಿತು, 1863ರಾಗ ಮುಂಬೈ ಸರ್ಕಾರ ಹತ್ತಿ ಮೋಸದ ಮ್ಯಾಲ ಕಾಯಿದೆ ಮಾಡಬೇಕಾತು. 1865ರಾಗ ಯುದ್ಧ ಮುಗೀತು, ರೇಟು ದಪ್ಪನ ಬಿತ್ತು, ಮುಂಬೈ ಸಾಹುಕಾರ್ರು ದಿವಾಳಿ ಎದ್ರು.

ಕಾಯಿದೆಕಟ್ಟು

ಕರುಣೆಯ ಮಾತು ಒಪ್ಪುತ್ತೇನೆ, ಕಾನೂನಿನ ಮಾತು ಒಪ್ಪಲಾರೆ. ಹತ್ತಿ ಮಾರಾಟಕ್ಕೆ ಪರವಾನಗಿ ಎಂದರೆ ಶತ್ರು ನೆಲದ ಸರಕಿಗೆ ದಾರಿ ಬಿಟ್ಟಂತೆ. ನಾದಿನಿಗೆ ಪ್ರಮಾಣವಿಲ್ಲದೆ ಕೊಟ್ಟರೆ ಮರುದಿನ ಪ್ರತಿ ಸೆನೆಟರ್‌ಗೂ ಒಬ್ಬ ನಾದಿನಿ ಹುಟ್ಟಿಕೊಳ್ಳುತ್ತಾಳೆ. ಆಕೆಯೂ ಒಂದು ಸಹಿ ಹಾಕಿದ್ದರೆ ಮುಗಿಯುತ್ತಿತ್ತು. ಹಾಕಲಿಲ್ಲ. ಗಂಡ ಸತ್ತದ್ದೇ ಯಾವ ಕಡೆಗೋ ಆ ಕಡೆಯನ್ನು ಕಾಗದದ ಮೇಲೆ ಅಲ್ಲಗಳೆಯುವುದು ಆಕೆಗೆ ಆಗದ ಮಾತು. ಇಬ್ಬರಲ್ಲಿ ಯಾರನ್ನೂ ಖಳರನ್ನಾಗಿ ಮಾಡಬೇಡಿ ಎಂಬುದಷ್ಟೇ ನನ್ನ ಸಲಹೆ.

ನೀಲಿಸೆರಗು

ಇಲ್ಲಿವರೆಗೆ ಮಾತೆಲ್ಲ ಬಿಳಿಯರ ಹಜಾರದ್ದು. ಲೆಕ್ಸಿಂಗ್ಟನ್‌ನ ಅಂಥ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ಯಾರು? ಗುಲಾಮಳು. ಅವಳಿಗೂ ಗಂಡನಿದ್ದ. ಆ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಲಿಂಕನ್ ಅವರ 1863ರ ವಿಮೋಚನೆಯ ಘೋಷಣೆ ಕೆಂಟಕಿಗೆ ಅನ್ವಯಿಸಲೂ ಇಲ್ಲ, ಏಕೆಂದರೆ ರಾಜ್ಯ ಯೂನಿಯನ್‌ನಲ್ಲೇ ಇತ್ತು.

1864ರ ಬೇಸಿಗೆಯಿಂದ ಒಡೆಯನ ಒಪ್ಪಿಗೆ ಇಲ್ಲದೆಯೂ ಗುಲಾಮರು ಸೈನ್ಯ ಸೇರಬಹುದಾಯಿತು. ಸೇರಿದವನು ಸ್ವತಂತ್ರ. ಹೆಂಡತಿ ಮಕ್ಕಳು ಅಲ್ಲ. ಲೆಕ್ಸಿಂಗ್ಟನ್‌ನಿಂದ ದಕ್ಷಿಣಕ್ಕೆ ಸುಮಾರು 20 ಮೈಲಿಯ ಕ್ಯಾಂಪ್ ನೆಲ್ಸನ್ ದೊಡ್ಡ ಭರ್ತಿ ಕೇಂದ್ರ. ಗಂಡ ಅಲ್ಲಿಗೆ ಹೋದರೆ ಒಡೆಯ ಸಿಟ್ಟು ತೀರಿಸಿಕೊಳ್ಳುವುದು ಹಿಂದೆ ಉಳಿದ ಹೆಂಡತಿಯ ಮೇಲೆ. ಆದ್ದರಿಂದ ಹೆಂಡತಿ ಮಕ್ಕಳೂ ಶಿಬಿರಕ್ಕೆ ಬಂದು ಗುಡಿಸಲು ಹಾಕಿದರು. 1864ರ ನವೆಂಬರ್ ಕೊನೆಯ ಕೊರೆಯುವ ಚಳಿಯಲ್ಲಿ ಜನರಲ್ ಸ್ಪೀಡ್ ಫ್ರೈ ಸುಮಾರು 400 ಹೆಂಗಸರು ಮಕ್ಕಳನ್ನು ಹೊರಹಾಕಿ ಗುಡಿಸಲು ಕೆಡವಿಸಿದ. 102 ಜನ ಸತ್ತರು.

124ನೇ ಕಪ್ಪು ಪದಾತಿ ದಳದ ಜೋಸೆಫ್ ಮಿಲ್ಲರ್ ಎಂಬ ಸೈನಿಕ ನವೆಂಬರ್ 26ರಂದು ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ಉಳಿದಿದೆ. ಕಾಯಿಲೆಯ ಮಗನನ್ನು ಗಾಡಿಗೆ ಹತ್ತಿಸಿದರೆ ಸಾಯುತ್ತಾನೆಂದು ಬೇಡಿಕೊಂಡರೂ ಕಾವಲಿನವನು ಕೇಳಲಿಲ್ಲ. ಸಂಜೆ ಹುಡುಕಿಕೊಂಡು ಹೋದಾಗ ಹೆಂಡತಿ ಮಕ್ಕಳು ಆರು ಮೈಲಿಯಾಚೆ ನಿಕೊಲಾಸ್‌ವಿಲ್‌ನ ಒಂದು ಕಟ್ಟಡದಲ್ಲಿ ನಡುಗುತ್ತಿದ್ದರು, ಮಗ ಸತ್ತಿದ್ದ. ಅವನು ರಾತ್ರಿ ಶಿಬಿರಕ್ಕೆ ಮರಳಲೇಬೇಕಿತ್ತು. ಬೆಳಿಗ್ಗೆ ಮತ್ತೆ ನಡೆದುಹೋಗಿ ತಾನೇ ಗುಂಡಿ ತೋಡಿ ಹೂಳಿದ. ಯಾವ ಸೈನ್ಯಕ್ಕಾಗಿ ಪ್ರಾಣ ಕೊಡಲು ಸಹಿ ಹಾಕಿದನೋ ಅದೇ ಸೈನ್ಯ ಹೀಗೆ ಮಾಡಿತು. ಇದಕ್ಕಿಂತ ಸೀಳಿದ ನಿಷ್ಠೆ ನಿಮ್ಮ ಇಡೀ ದೃಶ್ಯಸರಣಿಯಲ್ಲಿಲ್ಲ.

ಪತ್ರಿಕೆಗಳಲ್ಲಿ ಗದ್ದಲವಾಗಿ, 1865ರ ಮಾರ್ಚ್ 3ರಂದು ಸೈನಿಕರ ಹೆಂಡತಿ ಮಕ್ಕಳನ್ನು ಸ್ವತಂತ್ರಗೊಳಿಸುವ ಕಾನೂನನ್ನು ಅಮೆರಿಕದ ಸಂಸತ್ತು ಕಾಂಗ್ರೆಸ್ ಮಾಡಿತು. ಗಂಡಹೆಂಡಿರಾಗಿ ಬಾಳಿದ್ದೇ ಮದುವೆಗೆ ಪುರಾವೆ ಎಂದೂ ಒಪ್ಪಿತು.

ಒಂಟಿಸೇತುವೆ

ನೀಲಿಸೆರಗು ಅವರ ಮಾತಿಗೆ ಸೇರಿಸುವುದೊಂದಿದೆ, ಅಣ್ಣನ ಪಾತ್ರಕ್ಕೆ ಇದು ಬೇಕು. ಅವನ ಕರ್ನಲ್ ವುಲ್ಫರ್ಡ್ 1864ರ ಮಾರ್ಚ್ 10ರಂದು ಲೆಕ್ಸಿಂಗ್ಟನ್‌ನಲ್ಲೇ ಸನ್ಮಾನದ ಕತ್ತಿ ಸ್ವೀಕರಿಸುತ್ತಾ, ಕರಿಯರನ್ನು ಸೈನ್ಯಕ್ಕೆ ಸೇರಿಸುವುದನ್ನು ವಿರೋಧಿಸಿ ಭಾಷಣ ಮಾಡಿದ. ಬಂಧಿಸಿ ಸೇವೆಯಿಂದ ವಜಾ ಮಾಡಿದರು. ಒಕ್ಕೂಟ ಬೇಕು, ಗುಲಾಮಗಿರಿಯೂ ಇರಲಿ ಎನ್ನುವ ಕೆಂಟಕಿಯ ಯೂನಿಯನ್‌ವಾದಿಗಳು ಬಹಳ. ಅಣ್ಣನನ್ನು ಗುಲಾಮಗಿರಿಯ ವಿರೋಧಿ ಎಂದು ಸಲೀಸಾಗಿ ಬರೆಯಬೇಡಿ.

ಅಪ್ಪ–ಮಗಳ ಸಂಬಂಧದ ದೃಶ್ಯ ಬೇಕಿದ್ದರೆ ವರ್ಜೀನಿಯಾದ ಕುಕ್ ಮನೆತನ ನೋಡಿ. ಫಿಲಿಪ್ ಸೇಂಟ್ ಜಾರ್ಜ್ ಕುಕ್ ಯೂನಿಯನ್ ಜನರಲ್, ಮಗ ಜಾನ್ ಕಾನ್ಫೆಡರೇಟ್ ಜನರಲ್, ಮಗಳು ಫ್ಲೋರಾಳ ಗಂಡ ದಕ್ಷಿಣದ ಹೆಸರಾಂತ ಕುದುರೆಪಡೆಯ ಸ್ಟೂಅರ್ಟ್. ಮಾವ ಯೂನಿಯನ್ ಬಿಡಲಿಲ್ಲವೆಂಬ ಕೋಪಕ್ಕೆ ಸ್ಟೂಅರ್ಟ್ ತನ್ನ ಮಗುವಿಗೆ ಇಟ್ಟಿದ್ದ ತಾತನ ಹೆಸರನ್ನೇ ಕಿತ್ತು ತನ್ನ ಹೆಸರಿಟ್ಟ. 1862ರ ಜೂನ್‌ನಲ್ಲಿ ಯೂನಿಯನ್ ಸೈನ್ಯದ ಸುತ್ತ ಅವನು ಕುದುರೆ ಓಡಿಸಿದಾಗ ಹಿಡಿಯಲು ಹೊರಟವರಲ್ಲಿ ಮಾವನೂ ಒಬ್ಬ.

ಮಸಿಕುಡಿಕೆ

ಯಾರಾದರೂ ಗೆಟಿಸ್‌ಬರ್ಗ್‌ನ ಜೆನ್ನಿ ವೇಡ್ ಕಥೆ ತುರುಕುವ ಮುಂಚೆ ಹೇಳಿಬಿಡುತ್ತೇನೆ. ಗಟ್ಟಿಯಾಗಿರುವುದು ಇಷ್ಟು: ಆಕೆ 1863ರ ಜುಲೈ 3ರಂದು ಅಕ್ಕನ ಮನೆಯಲ್ಲಿ ಹಿಟ್ಟು ನಾದುವಾಗ ಬಾಗಿಲು ತೂರಿ ಬಂದ ಗುಂಡಿಗೆ ಸತ್ತಳು. ಆಕೆಗೆ ಆಪ್ತನಾಗಿದ್ದ ಯೂನಿಯನ್ ಸೈನಿಕ ಜಾಕ್ ಸ್ಕೆಲಿ ವಿಂಚೆಸ್ಟರ್‌ನಲ್ಲಿ ಗಾಯಗೊಂಡು ಜುಲೈ 12ರಂದು ಸತ್ತ. ಅದೇ ಊರಿನವನಾಗಿ ದಕ್ಷಿಣದ ಕಡೆ ಹೋರಾಡಿದ ವೆಸ್ಲಿ ಕಲ್ಪ್ ಗೆಟಿಸ್‌ಬರ್ಗ್‌ನಲ್ಲೇ ಸತ್ತ. ಸ್ಕೆಲಿ ಕಲ್ಪ್‌ನ ಕೈಯಲ್ಲಿ ಜೆನ್ನಿಗೆ ಸಂದೇಶ ಕಳಿಸಿದ್ದ, ಅದು ತಲುಪಲಿಲ್ಲ ಎಂಬುದು ಊರವರ ಬಾಯಿಮಾತಿನಿಂದ ಬಂದದ್ದು. ಸವೆದ ದಾರಿ, ಬಿಡಿ.

ಅದರ ಬದಲು ಉತ್ತರ ಕೆರೊಲಿನಾದ ಬ್ಲೇಲಾಕ್ ದಂಪತಿ ನೋಡಿ. ಗಂಡ ಕೀತ್ ಮನಸ್ಸಿನಲ್ಲಿ ಯೂನಿಯನ್ ಪರ, ಊರು ದಕ್ಷಿಣದ್ದು. 26ನೇ ಉತ್ತರ ಕೆರೊಲಿನಾ ದಳಕ್ಕೆ ಸೇರಿದ. ಹೆಂಡತಿ ಮಲಿಂಡಾ ಕೂದಲು ಕತ್ತರಿಸಿ, "ಸ್ಯಾಮ್" ಎಂಬ ತಮ್ಮನಾಗಿ ಅದೇ ದಳ ಸೇರಿದಳು. ಓಡಿಹೋಗಲು ದಾರಿ ಸಿಗದಾಗ ಕೀತ್ ವಿಷದ ಸುಮ್ಯಾಕ್ ಗಿಡ ಮೈಗೆಲ್ಲ ಉಜ್ಜಿಕೊಂಡ. ನಮ್ಮ ಗೇರು, ಕೇರುಬೀಜದ ಕುಟುಂಬದ್ದೇ ಆ ಗಿಡ, ಸೊನೆ ತಾಗಿದರೆ ಬೊಬ್ಬೆ ಏಳುತ್ತದೆ. ಅಂಟುರೋಗವೆಂದು ಹೆದರಿ ವೈದ್ಯರು ಅವನನ್ನು ಬಿಡುಗಡೆ ಮಾಡಿದರು. ಕೂಡಲೇ ಇವಳು ತಾನು ಹೆಣ್ಣೆಂದು ಹೇಳಿ ಹೊರಬಿದ್ದಳು. 1862ರ ಏಪ್ರಿಲ್. ಆಮೇಲೆ ಇಬ್ಬರೂ ಬೆಟ್ಟ ಸೇರಿ ಯೂನಿಯನ್ ಪರ ಹೊಡೆದಾಡಿದರು.

ತೆರೆಮರೆ

ಸ್ಯಾಮ್‌ಗೆ ಬೇರೆಯೇ ನಾಟಕ ಬೇಕು! ನಮ್ಮದಕ್ಕೆ ಮರಳುತ್ತೇನೆ. ಅಡುಗೆಯವಳು ಈಗ ಎರಡನೇ ನಾಯಕಿ, ಅವಳ ಗಂಡ ಕ್ಯಾಂಪ್ ನೆಲ್ಸನ್‌ನಲ್ಲಿ. ಹುಡುಗ ಮಾರ್ಗನ್ ಜೊತೆ ಸೆರೆ. ಕೊನೆಯ ಪ್ರಶ್ನೆ: ಸೆರೆಯಿಂದ ಮದುವೆಯವರೆಗೆ ಅವನ ದಾರಿ ಏನು?

ಅಂಚೆಯಣ್ಣ

ಸೆರೆಯಾದಮೇಲೆ ಪತ್ರ ನಿಲ್ಲುವುದಿಲ್ಲ, ಶುರುವಾಗುತ್ತೆ! ಮಾರ್ಗನ್‌ನ ಸಾಮಾನ್ಯ ಸೈನಿಕರನ್ನು 1863ರ ಆಗಸ್ಟ್‌ನಲ್ಲಿ ಚಿಕಾಗೋದ ಕ್ಯಾಂಪ್ ಡಗ್ಲಸ್‌ಗೆ ಹಾಕಿದರು. ಲೆಕ್ಸಿಂಗ್ಟನ್‌ನಿಂದ ಚಿಕಾಗೋಗೆ ಪೂರ್ತಿ ಉತ್ತರದ ಅಂಚೆ. ಫೋರ್ಟ್ ಮನ್ರೋ ಬೇಡ, ನಾಣ್ಯ ಬೇಡ, 3 ಸೆಂಟು ಸಾಕು. ಒಂದು ಪುಟದ ಮಿತಿ, ಪರಿಶೀಲನೆ ಇದ್ದೇ ಇದೆ. ಎರಡು ವರ್ಷ ಕಾದು ಬೆರಳೆಣಿಕೆಯ ಪತ್ರ ಕಂಡವಳಿಗೆ ಈಗ ವಾರವಾರ ಪತ್ರ. ಅವನು ಸೆರೆಯಲ್ಲಿರುವುದೇ ಅವಳಿಗೆ ಹಿತ ಅನ್ನಿಸಲು ಶುರುವಾದರೆ, ನಿಮ್ಮ ಮೂರನೇ ಅಂಕ ಅದೇ.

ಕಾಯಿದೆಕಟ್ಟು

ಹಿತ ಎನ್ನುವಾಗ ಜೋಪಾನ. ಕ್ಯಾಂಪ್ ಡಗ್ಲಸ್‌ನಲ್ಲಿ 4,000ಕ್ಕೂ ಹೆಚ್ಚು ಕೈದಿಗಳು ಸತ್ತರು, ಸಿಡುಬು, ಭೇದಿ, ಚಳಿ. 1864ರಲ್ಲಿ ಕೈದಿ ವಿನಿಮಯ ಬಹುಮಟ್ಟಿಗೆ ನಿಂತಿತ್ತು. ಪ್ರಮಾಣ ಮಾಡಿ ಬಿಡುಗಡೆ ಕೋರುವುದು ಒಂದು ದಾರಿ, ಆದರೆ ಜೊತೆಗಾರರ ಕಣ್ಣಲ್ಲಿ ದ್ರೋಹಿ. 1865ರ ಆರಂಭದಲ್ಲಿ ಇನ್ನೊಂದು ದಾರಿ ತೆರೆಯಿತು: ಯೂನಿಯನ್ ಸಮವಸ್ತ್ರ ತೊಟ್ಟು ಪಶ್ಚಿಮದ ಗಡಿಗೆ ಹೋಗುವುದು. ಕ್ಯಾಂಪ್ ಡಗ್ಲಸ್‌ನಿಂದಲೂ ಭರ್ತಿಯಾದರು. ಹುಡುಗಿ "ಪ್ರಮಾಣ ಮಾಡು" ಎಂದು ಬರೆಯುತ್ತಾಳೋ ಇಲ್ಲವೋ, ಅವನ ಜೊತೆಗಾರರು ಆ ಪತ್ರ ನೋಡುತ್ತಾರೋ ಇಲ್ಲವೋ, ನಿಮಗೆ ಬಿಟ್ಟದ್ದು.

ಬರೆಯದೆ ಉಳಿದರೆ 1865ರ ಜೂನ್. ಆ ತಿಂಗಳ ಆದೇಶದಂತೆ ಪ್ರಮಾಣ ಮಾಡಿದ ಸಾಮಾನ್ಯ ಕೈದಿಗಳಿಗೆ ಬಿಡುಗಡೆ, ಮನೆಗೆ ಹತ್ತಿರದ ಸ್ಥಳದವರೆಗೆ ಉಚಿತ ಪ್ರಯಾಣ. ಪ್ರಮಾಣಪತ್ರದ ಫಾರಂನಲ್ಲಿ ಊರು, ಮೈಬಣ್ಣ, ಕೂದಲು, ಕಣ್ಣು, ಎತ್ತರ ಅಡಿ–ಅಂಗುಲಗಳಲ್ಲಿ ತುಂಬಿರುತ್ತಾರೆ. ರಂಗಪರಿಕರ ಮಾಡುವವರು ಈ ಕಲಮುಗಳನ್ನು ಬಿಡಬೇಡಿ.

ಮದುವೆ ಕೆಂಟಕಿಯಲ್ಲಾದರೆ ತೊಡಕು ಕಡಿಮೆ, ಆದರೆ ಪೌರತ್ವ ರದ್ದು ಮಾಡಿದ ಕಾಯಿದೆಯನ್ನು ಹಿಂತೆಗೆದುಕೊಂಡದ್ದು 1865ರ ಡಿಸೆಂಬರ್‌ನಲ್ಲಿ. ವರ್ಜೀನಿಯಾದಲ್ಲಾಗಿದ್ದರೆ ಇನ್ನೂ ಮಜಾ: ರಿಚ್ಮಂಡ್‌ನಲ್ಲಿ ಜನರಲ್ ಹ್ಯಾಲೆಕ್ 1865ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದ ಪ್ರಕಾರ ವಧುವರರಿಬ್ಬರೂ ನಿಷ್ಠೆಯ ಪ್ರಮಾಣ ಮಾಡದೆ ಮದುವೆ ಪರವಾನಗಿಯೇ ಇಲ್ಲ. ಕಾನೂನುಬದ್ಧ ಮದುವೆಯಿಂದ ಹೊಸ ಬಂಡಾಯಗಾರರು ಹುಟ್ಟದಿರಲಿ ಎಂದೇ ಹೀಗೆ ಮಾಡಿದೆ ಎಂಬರ್ಥದಲ್ಲಿ ಆತನೇ ನಗೆಯಾಡಿದ್ದನಂತೆ.

ನೀಲಿಸೆರಗು

ಅಡುಗೆಯವಳ ಗಂಡ ಅದೇ ಜೂನ್‌ನಲ್ಲಿ ಮನೆಗೆ ಬರುತ್ತಾನೆಂದು ಜೋಡಿಸಬೇಡಿ ತೆರೆಮರೆ. ಕಪ್ಪು ದಳಗಳನ್ನು ತಡವಾಗಿ ಕಟ್ಟಿದ್ದರಿಂದ ಬಿಡುಗಡೆಯೂ ತಡ, ಹಲವು ದಳಗಳನ್ನು ಟೆಕ್ಸಾಸ್‌ಗೆ ಕಳಿಸಿದರು. ಶರಣಾಗಿ ಸೋತವನು ಜೂನ್‌ನಲ್ಲಿ ಮನೆಯಲ್ಲಿ, ಗೆದ್ದ ಸೈನ್ಯದವನು ಇನ್ನೂ ದೂರ. ಮದುವೆಯ ಅಡುಗೆ ಮಾಡುವವಳು ಅವಳೇ ಅಲ್ಲವೇ? ಮಾರ್ಚ್‌ನ ಕಾನೂನಿನಂತೆ ಅವಳು ಸ್ವತಂತ್ರಳು, ಉಳಿದ ಗುಲಾಮರು ಡಿಸೆಂಬರ್‌ವರೆಗೆ ಅಲ್ಲ. ಸಂಬಳ ಕೇಳಿಸಿ.

ಒಂಟಿಸೇತುವೆ

ಹುಡುಗ ಮರಳುವ ದೃಶ್ಯಕ್ಕೆ ದಾರಿ ಹೇಳಿಬಿಡುತ್ತೇನೆ. ಒಂದು, ಚಿಕಾಗೋದಿಂದ ಜೆಫರ್ಸನ್‌ವಿಲ್‌ಗೆ ರೈಲು, ನದಿ ದಾಟಿ ಲೂಯಿವಿಲ್, ಅಲ್ಲಿಂದ ಫ್ರಾಂಕ್‌ಫರ್ಟ್ ಮೇಲೆ ಲೆಕ್ಸಿಂಗ್ಟನ್. ಇನ್ನೊಂದು ಸಿನ್ಸಿನಾಟಿಗೆ ಬಂದು, ನದಿ ದಾಟಿ, ಆಚೆ ದಡದ ಕವಿಂಗ್ಟನ್‌ನಿಂದ ರೈಲು. ಎರಡು ಕಡೆಯೂ ಆಗ ಓಹಾಯೋ ನದಿಗೆ ಸೇತುವೆ ಇರಲಿಲ್ಲ: ಸಿನ್ಸಿನಾಟಿಯದ್ದು 1866ರ ಕೊನೆಗೆ, ಲೂಯಿವಿಲ್‌ನದ್ದು 1870ಕ್ಕೆ ತೆರೆಯಿತು. ರೈಲು ಇಳಿದು ಫೆರ್ರಿ ಹತ್ತಲೇಬೇಕು. ನಿಮ್ಮ ಸ್ಕ್ರಿಪ್ಟಿನಲ್ಲಿ "ಸೇತುವೆಯ ಮೇಲೆ ರೈಲಿನ ಸದ್ದು" ಅಂತಿದ್ದರೆ ತೆಗೆದುಹಾಕಿ.